ತಾನೇ ಕಟ್ಟಿದ ಓಟದಲ್ಲಿ ಫ್ರಾನ್ಸ್ ಸೋತ ವರ್ಷ: 1908ರ ಗ್ರ್ಯಾನ್ ಪ್ರಿ ಕಥೆ

ಮೊದಲು ಫಲಿತಾಂಶ ನೋಡಿಬಿಡೋಣ. 1908ರ ಜುಲೈ 7, ಫ್ರಾನ್ಸಿನ ಕಡಲ ದಂಡೆಯ ಊರು ದಿಯೆಪ್. ಮೊದಲ ಸ್ಥಾನ ಮರ್ಸಿಡಿಸ್‌ಗೆ. ಎರಡನೆಯದು ಬೆಂಜ್‌ಗೆ. ಮೂರನೆಯದೂ ಬೆಂಜ್‌ಗೆ. ಮೂರೂ ಜರ್ಮನಿಯ ಕಾರುಗಳು. ನಾಲ್ಕನೆಯದಾಗಿ ಬಂದ ಕ್ಲೆಮಾಂ-ಬಯಾರ್ ಫ್ರಾನ್ಸಿನದು. ಐದು, ಆರು, ಏಳು ಮತ್ತೆ ಜರ್ಮನಿಗೆ.

ಓಟ ನಡೆಸಿದ್ದು ಫ್ರಾನ್ಸಿನ ಆಟೊಮೊಬೈಲ್ ಕ್ಲಬ್. ರಸ್ತೆ ಫ್ರಾನ್ಸಿನದು. ‘ಗ್ರ್ಯಾನ್ ಪ್ರಿ’ ಎಂಬ ಸ್ಪರ್ಧೆಯನ್ನೇ ಹುಟ್ಟುಹಾಕಿದವರು ಅವರು. ಅದೂ ಸುಮ್ನೆ ಅಲ್ಲ, ಹಳೆಯ ಸ್ಪರ್ಧೆಯ ನಿಯಮಗಳು ತಮಗೆ ಅನ್ಯಾಯ ಮಾಡುತ್ತಿವೆ ಎಂದು ಜಗಳ ಮಾಡಿಕೊಂಡು ಹುಟ್ಟುಹಾಕಿದ್ದು. ಅಂಥ ಓಟ ಮೂರನೇ ವರ್ಷಕ್ಕೇ ಹೀಗೆ ಕೈಬಿಟ್ಟು ಹೋಯಿತು. ಆ ಸೋಲಿನ ಪೆಟ್ಟು ಎಷ್ಟಿತ್ತೆಂದರೆ, ಮುಂದಿನ ಮೂರು ವರ್ಷ ಆ ಕ್ಲಬ್ ಗ್ರ್ಯಾನ್ ಪ್ರಿ ನಡೆಸಲೇ ಇಲ್ಲ.

ಮೋಟಾರ್ ರೇಸಿಂಗ್‌ನ ಮೊದಲ ದಿನಗಳ ಕಥೆ ಹೇಳುವವರು ಸಾಮಾನ್ಯವಾಗಿ ಧೂಳು, ಧೈರ್ಯ, ಸಾವು ಇವನ್ನೇ ಹೇಳುತ್ತಾರೆ. ಅವೆಲ್ಲ ನಿಜವೇ. ಆದರೆ 1908ರ ಋತುವನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ರಸ್ತೆಯ ಮೇಲಿನ ಪೈಪೋಟಿಗಿಂತ ಕ್ಲಬ್ಬುಗಳ ಮೇಜಿನ ಸುತ್ತ ನಡೆದ ಪೈಪೋಟಿಯೇ ಜಾಸ್ತಿ ಕಾಣುತ್ತದೆ. ನಿಯಮ ಬರೆಯುವವರು ಯಾರು ಎಂಬುದೇ ಆಗಿನ ದೊಡ್ಡ ಜಗಳ.

ಮೂರೇ ಕಾರು ಎಂಬ ಲೆಕ್ಕ

ಇದರ ಬೇರು 1900ರಲ್ಲಿದೆ. ಜೇಮ್ಸ್ ಗಾರ್ಡನ್ ಬೆನೆಟ್ ಎಂಬ ಅಮೆರಿಕದ ಶ್ರೀಮಂತ ಪ್ಯಾರಿಸ್‌ನಲ್ಲಿ ನೆಲೆಸಿದ್ದ. ‘ನ್ಯೂಯಾರ್ಕ್ ಹೆರಾಲ್ಡ್’ ಪತ್ರಿಕೆಯ ಒಡೆಯ. ದೇಶ ದೇಶಗಳ ನಡುವೆ ಕಾರು ಓಟ ನಡೆಯಲಿ ಎಂದು ಒಂದು ಕಪ್ ಕೊಟ್ಟ. ನಿಯಮ ಸರಳವಾಗಿತ್ತು. ಒಂದು ದೇಶಕ್ಕೆ ಹೆಚ್ಚೆಂದರೆ ಮೂರು ಕಾರು. ಕಾರಿನ ಪ್ರತಿ ಭಾಗವೂ ಆ ದೇಶದಲ್ಲೇ ತಯಾರಾಗಿರಬೇಕು, ಟೈರ್ ಕೂಡ. ಗೆದ್ದ ದೇಶವೇ ಮುಂದಿನ ವರ್ಷ ಓಟ ನಡೆಸಬೇಕು. ಕಾರುಗಳಿಗೆ ದೇಶದ ಬಣ್ಣ ಬಂದದ್ದೂ ಈ ಕಪ್‌ನ ಕಾಲದಲ್ಲೇ. ಫ್ರಾನ್ಸಿಗೆ ನೀಲಿ, ಜರ್ಮನಿಗೆ ಬಿಳಿ. ಬ್ರಿಟನ್ನಿಗೆ ಹಸಿರು.

ಮೇಲ್ನೋಟಕ್ಕೆ ಎಲ್ಲರಿಗೂ ಸಮಪಾಲು. ಫ್ರಾನ್ಸಿನ ಕಣ್ಣಿಗೆ ಮಾತ್ರ ಇದು ಶುದ್ಧ ಅನ್ಯಾಯ. ಆ ಕಾಲಕ್ಕೆ ಜಗತ್ತಿನಲ್ಲೇ ಹೆಚ್ಚು ಕಾರು ತಯಾರಿಸುತ್ತಿದ್ದದ್ದು ಫ್ರಾನ್ಸ್. ಪಾನಾರ್, ಮೋರ್ಸ್, ರೆನೊ, ಬ್ರಾಸಿಯೆ, ದಾರಾಕ್, ಕ್ಲೆಮಾಂ ಹೀಗೆ ಪಟ್ಟಿ ಉದ್ದವಿತ್ತು. ಇಷ್ಟೂ ಕಂಪನಿಗಳು ಮೂರು ಸ್ಥಾನಕ್ಕಾಗಿ ತಮ್ಮೊಳಗೇ ಬಡಿದಾಡಬೇಕಿತ್ತು. 1904ರಲ್ಲಿ ಆ ಆಯ್ಕೆಗೆಂದೇ ಒಂದು ಪ್ರತ್ಯೇಕ ಓಟ ನಡೆದು ಅದರಲ್ಲಿ ಸುಮಾರು 30 ಕಾರುಗಳು ಓಡಿದವು. ಇತ್ತ ಜರ್ಮನಿಯಲ್ಲಿ ಹೇಳಿಕೊಳ್ಳುವಂಥ ರೇಸ್ ಕಾರು ಮಾಡುತ್ತಿದ್ದವರು ಬೆರಳೆಣಿಕೆಯಷ್ಟು. ಅವರಿಗೂ ಮೂರು, ನಮಗೂ ಮೂರೇನಾ ಎಂಬುದು ಫ್ರೆಂಚರ ದೂರು.

ದೂರಿಗೆ ಬಿಸಿ ತುಂಬಿದ್ದು 1903. ಆ ವರ್ಷದ ಗಾರ್ಡನ್ ಬೆನೆಟ್ ಓಟ ಐರ್ಲೆಂಡಿನಲ್ಲಿ ನಡೆಯಿತು. ಓಟಕ್ಕೆ ಸ್ವಲ್ಪ ದಿನ ಮುಂಚೆ, ಮರ್ಸಿಡಿಸ್ ಕಾರು ಮಾಡುತ್ತಿದ್ದ ಜರ್ಮನಿಯ ಡೈಮ್ಲರ್ ಕಂಪನಿಯ ಕಾನ್‌ಷ್ಟಾಟ್ ಕಾರ್ಖಾನೆಗೆ ಬೆಂಕಿ ಬಿದ್ದು, ರೇಸಿಗೆಂದು ಮಾಡಿದ್ದ 90 ಅಶ್ವಶಕ್ತಿಯ ಕಾರುಗಳು ಸುಟ್ಟುಹೋದವು. ಕಂಪನಿ ಏನು ಮಾಡಿತು ಗೊತ್ತೇ? ಈಗಾಗಲೇ ಗಿರಾಕಿಗಳಿಗೆ ಮಾರಿದ್ದ 60 ಅಶ್ವಶಕ್ತಿಯ ಮರ್ಸಿಡಿಸ್ ಕಾರುಗಳನ್ನೇ ಎರವಲು ತಂದು ಓಡಿಸಿತು. ಬೆಲ್ಜಿಯಂನ ಕಾಮಿಯ್ ಜೆನಾಟ್ಸಿ ಅಂಥದ್ದೊಂದು ಕಾರಿನಲ್ಲಿ ಗೆದ್ದುಬಿಟ್ಟ. ಪಾನಾರ್, ಮೋರ್ಸ್ ಹಿಂದೆ ಉಳಿದವು.

ಅದೇ ವರ್ಷದ ಮೇ ತಿಂಗಳಲ್ಲಿ ಪ್ಯಾರಿಸ್‌-ಮ್ಯಾಡ್ರಿಡ್ ಓಟ ರಕ್ತದಲ್ಲಿ ಮುಗಿದಿತ್ತು. ರೆನೊ ಸಹೋದರರಲ್ಲಿ ಒಬ್ಬನಾದ ಮಾರ್ಸೆಲ್ ರೆನೊ ಸೇರಿದಂತೆ ಹಲವರು ಸತ್ತರು. ಬೋರ್ಡೊದಲ್ಲೇ ಸರ್ಕಾರ ಓಟ ನಿಲ್ಲಿಸಿತು. ಊರಿಂದೂರಿಗೆ ಓಡುವ ರೇಸಿನ ಕಾಲ ಬಹುಮಟ್ಟಿಗೆ ಅಲ್ಲಿಗೆ ಮುಗಿಯಿತು. ಇನ್ನು ಮುಂದೆ ದಾರಿ ಮುಚ್ಚಿ, ಸುತ್ತು ಹಾಕುವ ಓಟ.

1904 ಮತ್ತು 1905, ಎರಡೂ ವರ್ಷ ಫ್ರಾನ್ಸಿನ ಲಿಯೊಂ ತೆರಿ ರಿಷಾರ್-ಬ್ರಾಸಿಯೆ ಕಾರಿನಲ್ಲಿ ಕಪ್ ಗೆದ್ದ. 1904ರಲ್ಲಂತೂ ಜರ್ಮನಿಯ ನೆಲದಲ್ಲಿ, ಅಲ್ಲಿನ ಚಕ್ರವರ್ತಿ ಕೈಸರ್ ಎದುರಿಗೇ ಗೆದ್ದ. ಗೆಲುವು ಕೈಯಲ್ಲಿರುವಾಗಲೇ ಫ್ರೆಂಚ್ ಕ್ಲಬ್ ಈ ಕಪ್ ನಮಗೆ ಬೇಡ ಎಂದಿತು. ಮುಂದಿನ ವರ್ಷ ನಮ್ಮದೇ ಓಟ, ನಮ್ಮದೇ ನಿಯಮ. ದೇಶದ ಲೆಕ್ಕ ಇಲ್ಲ, ಕಂಪನಿಯ ಲೆಕ್ಕ. ಒಂದು ಕಂಪನಿಗೆ ಮೂರು ಕಾರು. ಎಷ್ಟು ಕಂಪನಿ ಬೇಕಾದರೂ ಬರಲಿ.

ಕುಣಿಯಲು ಬಾರದವರು ನೆಲ ಡೊಂಕು ಅಂತಾರೆ. ಇಲ್ಲಿ ಕುಣಿಯಲು ಚೆನ್ನಾಗಿ ಬಂದವರೇ ನೆಲವನ್ನು ಅಗೆದು ಬೇರೆ ಹಾಕಿಸಿದರು.

ಎರಡು ವರ್ಷದ ಸುಖ, ಅರ್ಧಂಬರ್ಧ

ಮೊದಲ ಗ್ರ್ಯಾನ್ ಪ್ರಿ 1906ರ ಜೂನ್ 26 ಮತ್ತು 27ರಂದು ಲೆ ಮಾನ್ಸ್ ಹತ್ತಿರ ನಡೆಯಿತು. ಒಂದು ಸುತ್ತು 103 ಕಿ.ಮೀ. ದಿನಕ್ಕೆ ಆರು ಸುತ್ತು, ಎರಡು ದಿನ, ಒಟ್ಟು 1,238 ಕಿ.ಮೀ. ಬ್ರಿಟಿಷರು ಇದು ಫ್ರೆಂಚ್ ಕಾರುಗಳ ಜಾಹೀರಾತು ಎಂದು ಬರಲೇ ಇಲ್ಲ. ಗೆದ್ದದ್ದು ರೆನೊ ಕಾರು, ಓಡಿಸಿದ್ದು ಹಂಗೇರಿಯಲ್ಲಿ ಹುಟ್ಟಿದ ಫೆರೆನ್ಸ್ ಸಿಸ್. ಎರಡನೆಯವನು ಇಟಲಿಯ ಫೆಲಿಚೆ ನಾಜಾರೊ, ಫಿಯಟ್ ಕಾರಿನಲ್ಲಿ, ಅರ್ಧ ಗಂಟೆಗೂ ಹೆಚ್ಚು ಹಿಂದೆ.

ಸಿಸ್ ಗೆದ್ದದ್ದರಲ್ಲಿ ಚಾಲನೆಯಷ್ಟೇ ಪಾಲು ಮಿಶೆಲಿನ್ ಕಂಪನಿಯ ಹೊಸ ರಿಮ್‌ನದೂ ಇತ್ತು. ಆಗ ಟೈರ್ ಹೋದರೆ ಡ್ರೈವರ್ ಮತ್ತು ಪಕ್ಕದಲ್ಲಿ ಕೂತ ಮೆಕ್ಯಾನಿಕ್ ಇಬ್ಬರೇ ಇಳಿದು ಬದಲಿಸಬೇಕು. ಬೇರೆ ಯಾರೂ ಕಾರು ಮುಟ್ಟುವಂತಿಲ್ಲ. ಹಳೆ ಟೈರನ್ನು ಚಾಕುವಿನಿಂದ ಕೊಯ್ದು ಕಿತ್ತು, ಹೊಸದನ್ನು ಏರಿಸಿ, ಗಾಳಿ ತುಂಬುವಷ್ಟರಲ್ಲಿ ಕಾಲು ಗಂಟೆ ಹೋಗುತ್ತಿತ್ತು. ಮಿಶೆಲಿನ್ ರಿಮ್ ಅನ್ನು ಟೈರ್ ಸಮೇತ ಕಳಚಬಹುದಿತ್ತು. ನಾಲ್ಕೇ ನಿಮಿಷದ ಕೆಲಸ. ಬಿಸಿಲಿಗೆ ರಸ್ತೆಯ ಟಾರು ಕರಗಿ, ಚಾಲಕರ ಕಣ್ಣು ಉರಿದು, ಟೈರುಗಳು ಸಾಲು ಸಾಲಾಗಿ ಸಿಡಿದ ಆ ಎರಡು ದಿನ ಇದೇ ದೊಡ್ಡ ಲಾಭವಾಯಿತು.

1907ರಲ್ಲಿ ಓಟ ದಿಯೆಪ್‌ಗೆ ಬಂತು. ಈ ಸಲದ ನಿಯಮ 100 ಕಿ.ಮೀ.ಗೆ 30 ಲೀಟರ್ ಪೆಟ್ರೋಲ್, ಅಷ್ಟೇ. ಈಗಿನ ಕಾರಿನವರಿಗೆ ಅದು ಧಾರಾಳ ಅನ್ನಿಸಬಹುದು. ಹದಿನಾರು ಲೀಟರಿನಷ್ಟು ದೊಡ್ಡ ಎಂಜಿನ್ ಇದ್ದವರಿಗೆ ಅದು ಲೆಕ್ಕಾಚಾರದ ವಿಷಯವೇ. ನಾಜಾರೊ ಲೆಕ್ಕ ಸರಿಯಾಗಿ ಹಾಕಿದ. ಸಿಸ್ ಜಾಸ್ತಿ ಹೆದರಿ ಉಳಿಸಿದ. ಫಿಯಟ್ ಗೆದ್ದಿತು, ರೆನೊ ಏಳು ನಿಮಿಷದೊಳಗಿನ ಅಂತರದಲ್ಲಿ ಎರಡನೆಯದಾಯಿತು. ಸಿಸ್‌ನ ಟ್ಯಾಂಕಿನಲ್ಲಿ ಇನ್ನೂ ಸಾಕಷ್ಟು ಪೆಟ್ರೋಲ್ ಉಳಿದಿತ್ತು.

ಆ ವರ್ಷ ನಾಜಾರೊ ಮಾಡಿದ್ದು ಸಣ್ಣ ಸಾಧನೆ ಅಲ್ಲ. ಸಿಸಿಲಿಯ ಟಾರ್ಗಾ ಫ್ಲೋರಿಯೊ, ಜರ್ಮನಿಯ ಕೈಸರ್ ಕಪ್, ಫ್ರಾನ್ಸಿನ ಗ್ರ್ಯಾನ್ ಪ್ರಿ, ಮೂರನ್ನೂ ಗೆದ್ದ. ಮೂರಕ್ಕೂ ನಿಯಮ ಬೇರೆ ಬೇರೆ. ಒಂದರಲ್ಲಿ ಸಿಲಿಂಡರ್ ಅಗಲಕ್ಕೆ ಮಿತಿ, ಇನ್ನೊಂದರಲ್ಲಿ ಎಂಜಿನ್ 8 ಲೀಟರ್ ಮೀರಬಾರದು, ಮೂರನೆಯದರಲ್ಲಿ ಪೆಟ್ರೋಲ್ ಲೆಕ್ಕ. ಅಂದರೆ ಫಿಯಟ್ ಮೂರು ಓಟಕ್ಕೆ ಮೂರು ಬಗೆಯ ಕಾರು ಕಟ್ಟಬೇಕಾಯಿತು. ದುಡ್ಡಿದ್ದವರಿಗೆ ಮಾತ್ರ ಸಾಧ್ಯವಾಗುವ ಆಟ ಇದು. ಕೈಸರ್ ಹೆಸರಿನ ಕಪ್ ಇಟಲಿಗೆ ಹೋದದ್ದು ಜರ್ಮನರಿಗೂ ಚುಚ್ಚಿತ್ತು.

ಓಸ್ಟೆಂಡ್ ಒಪ್ಪಂದ

ಹೀಗಾಗಿ 1907ರಲ್ಲಿ ಹಲವು ದೇಶಗಳ ಕ್ಲಬ್ಬುಗಳು ಬೆಲ್ಜಿಯಂನ ಓಸ್ಟೆಂಡ್‌ನಲ್ಲಿ ಸೇರಿ ಎಲ್ಲರಿಗೂ ಒಂದೇ ಸೂತ್ರ ಮಾಡಿಕೊಂಡವು. ನಾಲ್ಕು ಸಿಲಿಂಡರಿನ ಎಂಜಿನ್ ಆದರೆ ಸಿಲಿಂಡರ್ ಅಗಲ 155 ಮಿ.ಮೀ. ಮೀರಬಾರದು. ಆರು ಸಿಲಿಂಡರ್ ಆದರೆ 127 ಮಿ.ಮೀ. ಕಾರಿನ ತೂಕ ಕನಿಷ್ಠ 1,100 ಕಿಲೊ. ಗ್ರ್ಯಾನ್ ಪ್ರಿ ರೇಸಿಂಗ್‌ಗೆ ದೇಶಗಳೆಲ್ಲ ಸೇರಿ ಒಪ್ಪಿದ ನಿಯಮ ಬಂದದ್ದು ಇದರಿಂದಲೇ. 1908ರ ಋತು ಅದರಡಿ ನಡೆದ ಮೊದಲ ಋತು.

ಸೂತ್ರದಲ್ಲಿ ಒಂದು ತೂತು ಇತ್ತು. ಅಗಲಕ್ಕೆ ಮಿತಿ ಹಾಕಿದರು, ಉದ್ದಕ್ಕೆ ಹಾಕಲಿಲ್ಲ. ಪಿಸ್ಟನ್ ಎಷ್ಟು ದೂರ ಮೇಲೆ ಕೆಳಗೆ ಓಡಬೇಕು ಎಂಬುದು ಕಂಪನಿಯ ಇಷ್ಟ. ಮರ್ಸಿಡಿಸ್ 170 ಮಿ.ಮೀ. ಇಟ್ಟುಕೊಂಡಿತು, ಎಂಜಿನ್ 12.8 ಲೀಟರ್ ಆಯಿತು. ಕ್ಲೆಮಾಂ-ಬಯಾರ್ 185ಕ್ಕೆ ಹೋಯಿತು, ಹೆಚ್ಚುಕಡಿಮೆ 14 ಲೀಟರ್. ಇಂದಿನ ಫಾರ್ಮುಲಾ ಒನ್ ಎಂಜಿನ್ 1.6 ಲೀಟರ್ ಎಂಬುದನ್ನು ನೆನಪಿಟ್ಟುಕೊಂಡರೆ ಇದು ಎಂಥ ಗಾತ್ರ ಎಂದು ಗೊತ್ತಾಗುತ್ತದೆ. ನಿಯಮ ಬರೆದವರು ಕಾರು ಚಿಕ್ಕದಾಗಲಿ ಎಂದುಕೊಂಡಿದ್ದರು, ಎಂಜಿನಿಯರುಗಳು ಸಿಲಿಂಡರನ್ನು ಎತ್ತರಕ್ಕೆ ಬೆಳೆಸಿದರು. ನಿಯಮ ಮತ್ತು ಎಂಜಿನಿಯರ್ ನಡುವಿನ ಈ ಕಣ್ಣಾಮುಚ್ಚಾಲೆ ಇವತ್ತಿಗೂ ನಿಂತಿಲ್ಲ, ಅಲ್ವಾ?

ದಿಯೆಪ್ ಓಟಕ್ಕೂ ಮುಂಚೆಯೇ ಒಂದು ರಗಳೆ ಆಯಿತು. ಬ್ರಿಟನ್ನಿನ ನೇಪಿಯರ್ ಕಂಪನಿ ಇಡೀ ಚಕ್ರವನ್ನೇ ಬೇಗ ಕಳಚಿ ಹಾಕುವ ರಜ್-ವಿಟ್‌ವರ್ತ್ ತಂತಿ ಚಕ್ರಗಳನ್ನು ಬಳಸುತ್ತೇನೆ ಎಂದಿತು. ಫ್ರೆಂಚ್ ಕ್ಲಬ್ ಬೇಡ ಎಂದಿತು. ಎರಡು ವರ್ಷದ ಹಿಂದೆ ಕಳಚುವ ರಿಮ್ ಹಾಕಿಕೊಂಡು ಫ್ರೆಂಚ್ ಕಾರು ಗೆದ್ದಾಗ ಯಾರಿಗೂ ತೊಂದರೆ ಇರಲಿಲ್ಲ, ನೋಡಿ. ರಿಮ್ ಆದರೆ ಸರಿ, ಚಕ್ರ ಆದರೆ ತಪ್ಪು! ನೇಪಿಯರ್‌ನ ಸೆಲ್ವಿನ್ ಎಡ್ಜ್ ಸಿಟ್ಟಿನಿಂದ ಹಿಂದೆ ಸರಿದ. ನನ್ನ ಮಟ್ಟಿಗೆ ಆ ವರ್ಷದ ಕ್ಲಬ್‌ನ ಮನಸ್ಸು ತಿಳಿಯಲು ಇದೊಂದು ಪ್ರಸಂಗ ಸಾಕು.

ಎಡ್ಜ್ ಬಾಯಿ ಮುಚ್ಚಿಕೊಂಡು ಕೂರುವ ಆಳಲ್ಲ. ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಹಿಂದಿನ ವರ್ಷವಷ್ಟೇ ಕಾಂಕ್ರೀಟ್ ಟ್ರ್ಯಾಕ್ ತೆರೆದಿತ್ತು. ಅಲ್ಲಿ 1908ರ ಜೂನ್ 8ರಂದು ನೇಪಿಯರ್ ಮತ್ತು ಫಿಯಟ್ ನಡುವೆ ನೇರ ಪಂದ್ಯ. ಫಿಯಟ್ ಓಡಿಸಿದವನು ನಾಜಾರೊ. ನೇಪಿಯರ್ ದಾರಿ ಮಧ್ಯೆ ಕೆಟ್ಟು ನಿಂತಿತು. ನಾಜಾರೊ ಒಂದು ಸುತ್ತನ್ನು ಗಂಟೆಗೆ 121.64 ಮೈಲಿ ವೇಗದಲ್ಲಿ ಓಡಿಸಿದ ಎಂದು ಅಲ್ಲಿನ ವಿದ್ಯುತ್ ಯಂತ್ರ ತೋರಿಸಿತು. ಅಷ್ಟು ವೇಗ ಸಾಧ್ಯವೇ ಇರಲಿಲ್ಲ ಎಂದು ವಾದ ಹೂಡಿದವರು ಆಗಲೇ ಇದ್ದರು. ಆ ವಾದ ಇನ್ನೂ ಮುಗಿದಿಲ್ಲ.

ಅದೇ ಜೂನ್ ತಿಂಗಳಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಮಾಸ್ಕೊವರೆಗೆ ಒಂದು ಓಟ ನಡೆಯಿತು. ಗೆದ್ದದ್ದು ಬೆಂಜ್. ಓಡಿಸಿದವನು ವಿಕ್ಟರ್ ಎಮೆರಿ. ಈ ಹೆಸರು ನೆನಪಿರಲಿ.

ದಿಯೆಪ್, ಬೆಳಗಿನ ಆರು ಗಂಟೆ

ಜುಲೈ 7ರ ಬೆಳಿಗ್ಗೆ 48 ಕಾರುಗಳು ಸಾಲಾಗಿ ನಿಂತಿದ್ದವು. ಹದಿನೇಳು ಕಂಪನಿಗಳು. ಅದರಲ್ಲಿ ಎಂಟು ಫ್ರಾನ್ಸಿನವು. ಜರ್ಮನಿಯಿಂದ ಮರ್ಸಿಡಿಸ್, ಬೆಂಜ್, ಒಪೆಲ್. ಇಟಲಿಯಿಂದ ಫಿಯಟ್, ಇಟಾಲಾ. ಬ್ರಿಟನ್ನಿನಿಂದ ಆಸ್ಟಿನ್, ವೈಗೆಲ್. ಬೆಲ್ಜಿಯಂನಿಂದ ಜರ್ಮೈನ್. ಅಮೆರಿಕದಿಂದ ಒಂದೇ ಒಂದು ಥಾಮಸ್. ಅದೇ ಕಂಪನಿಯ ಇನ್ನೊಂದು ಕಾರು ಆ ಹೊತ್ತಿಗೆ ನ್ಯೂಯಾರ್ಕ್-ಪ್ಯಾರಿಸ್ ಓಟದ ಹಾದಿಯಲ್ಲಿತ್ತು. ಆ ಓಟದಲ್ಲಿ ಜರ್ಮನಿಯ ಪ್ರೋಟೋಸ್ ಮೊದಲು ಪ್ಯಾರಿಸ್ ಮುಟ್ಟಿದರೂ, ನಿಯಮ ಮುರಿದದ್ದಕ್ಕೆ ದಿನಗಳ ದಂಡ ಬಿದ್ದು ಥಾಮಸ್ ಗೆದ್ದಿತು. 1908ರಲ್ಲಿ ಎಲ್ಲಿ ನೋಡಿದರೂ ಇದೇ ಪಾಡು.

ದಿಯೆಪ್, ಲೊಂದಿನಿಯೆರ್, ಉ ಎಂಬ ಮೂರು ಊರುಗಳನ್ನು ಮುಟ್ಟುವ ತ್ರಿಕೋನದ ರಸ್ತೆ. ಒಂದು ಸುತ್ತು 77 ಕಿ.ಮೀ., ಒಟ್ಟು ಹತ್ತು ಸುತ್ತು. ಕಾರುಗಳು ಒಂದೊಂದು ನಿಮಿಷಕ್ಕೆ ಒಂದರಂತೆ ಹೊರಡಬೇಕು. ಹಾಗಾಗಿ ರಸ್ತೆಯಲ್ಲಿ ಯಾರು ಮುಂದಿದ್ದಾರೆ ಎಂಬುದು ನಿಜವಾದ ಲೆಕ್ಕ ಅಲ್ಲ. ಗಡಿಯಾರದ ಲೆಕ್ಕವೇ ಲೆಕ್ಕ. ಸ್ಟ್ಯಾಂಡಿನಲ್ಲಿ ಕೂತ ಜನ ಮರದ ಬೋರ್ಡ್ ನೋಡಿಕೊಂಡೇ ಓಟ ಅರ್ಥ ಮಾಡಿಕೊಳ್ಳಬೇಕು.

ಸ್ಟ್ಯಾಂಡಿನ ಎದುರು ರಸ್ತೆ ಬದಿಗೆ ಒಂದು ಕಂದಕ ತೋಡಿದ್ದರು. ಟೈರ್, ಪೆಟ್ರೋಲ್, ಎಣ್ಣೆ ಎಲ್ಲ ಅದರಲ್ಲಿ. ಕೆಳಗೆ ನಿಂತವರು ಸಾಮಾನು ಮೇಲಕ್ಕೆ ಚಾಚಿ ಕೊಡಬೇಕು. ನಾವು ಈಗ ಟಿವಿಯಲ್ಲಿ ನೋಡುವ ‘ಪಿಟ್’ ಶುರುವಾದದ್ದು ಈ ಗುಂಡಿಯಿಂದ.

ಮೊದಲ ಸುತ್ತಿನಲ್ಲೇ ಮರ್ಸಿಡಿಸ್‌ನ ಓಟೊ ಸಾಲ್ಟ್ಸರ್ ಬೆಂಕಿಯಂತೆ ಓಡಿಸಿದ. 36 ನಿಮಿಷ 31 ಸೆಕೆಂಡು, ಅಂದರೆ ಗಂಟೆಗೆ 126 ಕಿ.ಮೀ. ಮೀರಿದ ವೇಗ. ಇಡೀ ದಿನದ ಅತಿ ವೇಗದ ಸುತ್ತು ಅದೇ. ಅವನು ಬೇಗನೇ ಹೊರಬಿದ್ದ. ಫಿಯಟ್‌ನಲ್ಲಿ ನಾಜಾರೊ, ವಿನ್ಸೆಂಜೊ ಲಾನ್ಸಿಯಾ, ಲೂಯಿ ವಾಗ್ನರ್ ಎಂಬ ಘಟಾನುಘಟಿಗಳು. ಅರ್ಧ ಓಟ ಮುಗಿಯುವಷ್ಟರಲ್ಲಿ ಮೂವರ ಕಾರೂ ಕೆಟ್ಟಿದ್ದವು. ರೆನೊದ ಸಿಸ್ ಅದಕ್ಕೂ ಮುಂಚೆಯೇ ಹೋಗಿದ್ದ. ರಸ್ತೆ ಕಿತ್ತುಬಂದು ಕಲ್ಲು ಹಾರುತ್ತಿತ್ತು. ಅಂಥದ್ದೇ ಒಂದು ಕಲ್ಲು ಎಮೆರಿಯ ಕನ್ನಡಕಕ್ಕೆ ಬಡಿದು ಗಾಜಿನ ಚೂರು ಕಣ್ಣಿಗೆ ಹೋಯಿತು. ಅವನು ನಿಲ್ಲಿಸಿ, ಕಣ್ಣು ತೋರಿಸಿಕೊಂಡು, ಮತ್ತೆ ಓಡಿಸಿದ. ಪಾನಾರ್ ಕಾರೊಂದು ಉರುಳಿ ಅದರ ಚಾಲಕ ಆನ್ರಿ ಸಿಸಾಕ್ ಮತ್ತು ಮೆಕ್ಯಾನಿಕ್ ಇಬ್ಬರೂ ಸತ್ತರು.

ಇಷ್ಟರ ನಡುವೆ ಮುಂದೆ ಬಂದವನು ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದ ಕ್ರಿಸ್ಟಿಯಾನ್ ಲೌಟನ್‌ಶ್ಲಾಗರ್. ಡೈಮ್ಲರ್ ಕಾರ್ಖಾನೆಯ ಮೇಸ್ತ್ರಿ. ಅಲ್ಲಿ ಕಾರುಗಳನ್ನು ಓಡಿಸಿ ಪರೀಕ್ಷೆ ಮಾಡುವುದು ಅವನ ಕೆಲಸ. ಮುಂಚೆ ರೇಸಿಗೆ ಬಂದಿದ್ದು ಸಾಲ್ಟ್ಸರ್ ಪಕ್ಕದಲ್ಲಿ ಕೂತ ಮೆಕ್ಯಾನಿಕ್ ಆಗಿ. ಚಾಲಕನಾಗಿ ಇದೇ ಅವನ ಮೊದಲ ದೊಡ್ಡ ಓಟ. ಸಾಲ್ಟ್ಸರ್ ಹಾಗೆ ಅಬ್ಬರ ಮಾಡದೆ, ಕಾರಿಗೆ ಎಷ್ಟು ತಾಳುತ್ತದೋ ಅಷ್ಟೇ ಓಡಿಸಿದ. ಕೊನೆಕೊನೆಗೆ ಅವನ ಟೈರುಗಳೂ ಖಾಲಿಯಾಗುತ್ತ ಬಂದಿದ್ದವು. 6 ಗಂಟೆ 55 ನಿಮಿಷದಲ್ಲಿ ಓಟ ಮುಗಿಸಿದ. ಸರಾಸರಿ ಗಂಟೆಗೆ 111 ಕಿ.ಮೀ. ಇದು ಹಿಂದಿನ ವರ್ಷ ಅದೇ ರಸ್ತೆಯಲ್ಲಿ ನಾಜಾರೊ ಓಡಿಸಿದ್ದಕ್ಕಿಂತ ಕಡಿಮೆ ವೇಗ. ಹೊಸ ಸೂತ್ರದ ಕಾರುಗಳು ನಿಧಾನವಾಗಿದ್ದವು ಎನ್ನುವಂತಿಲ್ಲ, ಸಾಲ್ಟ್ಸರ್‌ನ ಸುತ್ತೇ ಅದಕ್ಕೆ ಸಾಕ್ಷಿ. ಟೈರು ಮತ್ತು ರಸ್ತೆ ಅವುಗಳ ಭಾರ ತಾಳಲಿಲ್ಲ. ನಾಲ್ಕನೆಯದಾಗಿ ಬಂದ ಕ್ಲೆಮಾಂ-ಬಯಾರ್‌ನ ವಿಕ್ಟರ್ ರಿಗಾಲ್ ಆ ದಿನ 19 ಟೈರ್ ಬದಲಿಸಿದ. ಒಂದೊಂದಕ್ಕೂ ಇಳಿದು ಹತ್ತಿ, ಇಳಿದು ಹತ್ತಿ.

ಎರಡನೆಯವನು ಎಮೆರಿ, ಒಂಬತ್ತು ನಿಮಿಷದೊಳಗಿನ ಅಂತರದಲ್ಲಿ. ಮೂರನೆಯವನು ರೆನೆ ಆನ್ರಿಯೊ. ಬೆಂಜ್ ಓಡಿಸಿದ ಇವರಿಬ್ಬರೂ ಫ್ರೆಂಚರು! ದೇಶದ ಮರ್ಯಾದೆ ಎಂದು ಪತ್ರಿಕೆಗಳು ಬಡಿದುಕೊಳ್ಳುತ್ತಿದ್ದಾಗ ಚಾಲಕರಿಗೆ ಅದು ಸಂಬಳದ ಕೆಲಸವಾಗಿತ್ತು. ಎಮೆರಿ ಮೊದಲು ಫ್ರಾನ್ಸಿನ ದಾರಾಕ್ ಕಂಪನಿಯ ಚಾಲಕ. 1905ರಲ್ಲಿ ಆ ಕಾರಿನಲ್ಲಿ ಅಮೆರಿಕದ ವಾಂಡರ್‌ಬಿಲ್ಟ್ ಕಪ್ ಗೆದ್ದಿದ್ದ. ಒಳ್ಳೆ ಕೈ, ಕೆಟ್ಟ ಕೋಪ. ಅವನನ್ನು ಕೊಂಡದ್ದು ಬೆಂಜ್. ಹಾಗೆ ನೋಡಿದರೆ ಮೊದಲ ಮೂರು ಸ್ಥಾನ ಜರ್ಮನಿಯದು ಎಂಬ ಮಾತೂ ಅರ್ಧ ಸತ್ಯ. ಬೆಂಜ್ ಮತ್ತು ಡೈಮ್ಲರ್ ಆಗ ಒಬ್ಬರಿಗೊಬ್ಬರು ಆಗದ ಪ್ರತಿಸ್ಪರ್ಧಿಗಳು. ಅವು ಒಂದಾದದ್ದು 1926ರಲ್ಲಿ. ಮರ್ಸಿಡಿಸ್ ಎಂಬ ಹೆಸರೇ ನೀಸ್ ಊರಿನಲ್ಲಿದ್ದುಕೊಂಡು ಡೈಮ್ಲರ್ ಕಾರು ಮಾರುತ್ತಿದ್ದ ಎಮಿಲ್ ಯೆಲಿನೆಕ್ ಎಂಬ ವ್ಯಾಪಾರಿಯ ಮಗಳದ್ದು.

ಆದರೆ ದಿಯೆಪ್‌ನ ಸ್ಟ್ಯಾಂಡಿನಲ್ಲಿ ಇಂಥ ಸೂಕ್ಷ್ಮ ನೋಡುವವರು ಯಾರು? 1870ರ ಯುದ್ಧದಲ್ಲಿ ಸೋತು ಅಲ್ಸೇಸ್, ಲೊರೇನ್ ಕಳೆದುಕೊಂಡ ನೆನಪು ಹಸಿಯಾಗಿತ್ತು. ಓಟದಲ್ಲಿದ್ದ ಲೊರೇನ್-ದಿಯೆತ್ರಿಷ್ ಕಾರಿನ ಹೆಸರಿನಲ್ಲೇ ಆ ನೋವಿತ್ತು. ಆ ಮನೆತನದ ಕಾರ್ಖಾನೆಗಳು ಯುದ್ಧದ ನಂತರ ಗಡಿಯ ಆಚೆ ಒಂದು, ಈಚೆ ಒಂದು ಎಂದು ಹಂಚಿಹೋಗಿದ್ದವು.

ಸವಾನ್ನಾದ 56 ಸೆಕೆಂಡು

ಋತು ಅಲ್ಲಿಗೆ ಮುಗಿಯಲಿಲ್ಲ. ಸೆಪ್ಟೆಂಬರ್ 6ರಂದು ಇಟಲಿಯ ಬೊಲೊನ್ಯಾದಲ್ಲಿ ಕೊಪ್ಪಾ ಫ್ಲೋರಿಯೊ ಓಟ. ದಿಯೆಪ್‌ನ ಅವಮಾನ ನಾಜಾರೊ ತೀರಿಸಿಕೊಂಡ, ಸರಾಸರಿ ಗಂಟೆಗೆ ಸುಮಾರು 120 ಕಿ.ಮೀ. ವೇಗದಲ್ಲಿ. ಮೇ ತಿಂಗಳ ಟಾರ್ಗಾ ಫ್ಲೋರಿಯೊದಲ್ಲಿ ಇಟಲಿಯದೇ ಇಸೊಟ್ಟಾ ಫ್ರಾಸ್ಕಿನಿ ಗೆದ್ದಿತ್ತು, ಓಡಿಸಿದವನು ವಿನ್ಸೆಂಜೊ ಟ್ರುಕ್ಕೊ.

ಅಮೆರಿಕದಲ್ಲಿ ಇನ್ನೊಂದು ಕುಸ್ತಿ. ಅಲ್ಲಿ ಎರಡು ಸಂಸ್ಥೆಗಳು. ವಾಂಡರ್‌ಬಿಲ್ಟ್ ಕಪ್ ನಡೆಸುತ್ತಿದ್ದ ಅಮೆರಿಕನ್ ಆಟೊಮೊಬೈಲ್ ಅಸೋಸಿಯೇಷನ್ ಒಂದು ಕಡೆ. ಯೂರೋಪಿನ ಕ್ಲಬ್ಬುಗಳ ಜೊತೆ ನಂಟಿದ್ದ ಆಟೊಮೊಬೈಲ್ ಕ್ಲಬ್ ಆಫ್ ಅಮೆರಿಕ ಇನ್ನೊಂದು ಕಡೆ. ವಾಂಡರ್‌ಬಿಲ್ಟ್ ಕಪ್‌ನವರು ಓಸ್ಟೆಂಡ್ ಸೂತ್ರ ಒಪ್ಪಲಿಲ್ಲ. ಯೂರೋಪಿನ ದೊಡ್ಡ ತಂಡಗಳು ಅದರತ್ತ ತಲೆ ಹಾಕಲಿಲ್ಲ. ಅಕ್ಟೋಬರ್ 24ರಂದು ಲಾಂಗ್ ಐಲೆಂಡ್‌ನಲ್ಲಿ ಜಾರ್ಜ್ ರಾಬರ್ಟ್‌ಸನ್ ಲೊಕೊಮೊಬಿಲ್ ಕಾರಿನಲ್ಲಿ ಗೆದ್ದ. ಆ ಕಪ್ ಅಮೆರಿಕದ ಕಾರಿಗೆ ಸಿಕ್ಕಿದ್ದು ಅದೇ ಮೊದಲು. ಬಲವಾದ ಎದುರಾಳಿಗಳಿರಲಿಲ್ಲ ಎಂಬ ಗೊಣಗಾಟ ಇದ್ದರೂ ಗೆಲುವು ಗೆಲುವೇ.

ಇದಕ್ಕೆ ಪೈಪೋಟಿಯಾಗಿ ಎರಡನೇ ಸಂಸ್ಥೆ ಓಸ್ಟೆಂಡ್ ಸೂತ್ರದಡಿ ತನ್ನದೇ ‘ಗ್ರ್ಯಾಂಡ್ ಪ್ರೈಜ್’ ನಡೆಸಿತು. ಜಾಗ ಜಾರ್ಜಿಯಾ ರಾಜ್ಯದ ಸವಾನ್ನಾ. ದಿನ ನವೆಂಬರ್ 26. ರಸ್ತೆ ಸಿದ್ಧ ಮಾಡಿದವರು ಕೈದಿಗಳು. ಅಮೆರಿಕದ ದಕ್ಷಿಣ ಭಾಗದ ರಾಜ್ಯಗಳಲ್ಲಿ ಆಗ ಕೈದಿಗಳಿಂದ ದುಡಿಸಿಕೊಳ್ಳುವುದು ಮಾಮೂಲು, ಓಟದ ವರದಿಗಳಲ್ಲಿ ರಸ್ತೆಯನ್ನು ಹೊಗಳಿದವರು ಆ ದುಡಿಮೆಯ ಬಗ್ಗೆ ಜಾಸ್ತಿ ಮಾತಾಡಲಿಲ್ಲ. ಜನ ರಸ್ತೆಗೆ ನುಗ್ಗದಂತೆ ಬಂದೂಕು ಹಿಡಿದ ಸೈನಿಕರು ಉದ್ದಕ್ಕೂ ನಿಂತಿದ್ದರು. ಇಪ್ಪತ್ತು ಕಾರುಗಳು. ಆರು ಅಮೆರಿಕದವು, ಉಳಿದವು ಯೂರೋಪಿನವು. ಮರ್ಸಿಡಿಸ್ ಬರಲಿಲ್ಲ. ಬೆಂಜ್, ಫಿಯಟ್, ರೆನೊ, ಇಟಾಲಾ, ಕ್ಲೆಮಾಂ-ಬಯಾರ್, ಲೊರೇನ್-ದಿಯೆತ್ರಿಷ್ ಬಂದವು.

ಹದಿನಾರು ಸುತ್ತು, ಸುಮಾರು 647 ಕಿ.ಮೀ. ಬೆಂಜ್ ಮತ್ತು ಫಿಯಟ್ ಬಿಟ್ಟರೆ ಬೇರೆ ಯಾರೂ ಲೆಕ್ಕಕ್ಕಿಲ್ಲ ಎಂಬಂತಾಯಿತು. ಕೊನೆಯ ಸುತ್ತುಗಳಲ್ಲಿ ಎಮೆರಿ, ವಾಗ್ನರ್, ನಾಜಾರೊ ಮೂವರ ನಡುವಿನ ಅಂತರ ಸೆಕೆಂಡುಗಳಲ್ಲಿ ಎಣಿಸುವಷ್ಟು. ನಾಜಾರೊನ ಟೈರ್ ಕೈಕೊಟ್ಟಿತು. ಮೊದಲು ಗೆರೆ ದಾಟಿದವನು ಎಮೆರಿ. ಜನ ಕೇಕೆ ಹಾಕಿದರು. ಆದರೆ ವಾಗ್ನರ್ ಹೊರಟದ್ದು ಎಮೆರಿಗಿಂತ ಎಷ್ಟೋ ನಿಮಿಷ ತಡವಾಗಿ. ಅವನು ಬಂದು ಮುಟ್ಟುವವರೆಗೂ ಗಡಿಯಾರ ನೋಡುತ್ತ ಕಾಯಬೇಕು. ವಾಗ್ನರ್ ಬಂದ. ಲೆಕ್ಕ ಹಾಕಿದರು. ಆರು ಗಂಟೆ ಹತ್ತು ನಿಮಿಷದ ಓಟದಲ್ಲಿ 56 ಸೆಕೆಂಡಿನಿಂದ ವಾಗ್ನರ್ ಗೆದ್ದಿದ್ದ.

ಇವರಿಬ್ಬರೂ ಹಿಂದೆ ದಾರಾಕ್‌ನಲ್ಲಿ ಜೊತೆಗಾರರು. ಎಮೆರಿ 1905ರಲ್ಲಿ, ವಾಗ್ನರ್ 1906ರಲ್ಲಿ ವಾಂಡರ್‌ಬಿಲ್ಟ್ ಕಪ್ ಗೆದ್ದಿದ್ದರು, ಎರಡೂ ಸಲ ಫ್ರೆಂಚ್ ಕಾರಿನಲ್ಲಿ. ಈಗ ಒಬ್ಬ ಜರ್ಮನಿಯ ಕಾರಿನಲ್ಲಿ, ಇನ್ನೊಬ್ಬ ಇಟಲಿಯ ಕಾರಿನಲ್ಲಿ. ಮೊದಲ ನಾಲ್ಕರಲ್ಲಿ ಫ್ರಾನ್ಸಿನ ಕಾರೇ ಇಲ್ಲ. ಐದನೆಯದಾಗಿ ಬಂತು ಕ್ಲೆಮಾಂ-ಬಯಾರ್. ಪೀಟರ್ಸ್‌ಬರ್ಗ್‌ನಿಂದ ಸವಾನ್ನಾದವರೆಗೆ, ಆ ವರ್ಷದ ದೊಡ್ಡ ಓಟಗಳಲ್ಲಿ ಫ್ರಾನ್ಸಿಗೆ ಸಿಕ್ಕಿದ ಮುಖ್ಯ ಸಮಾಧಾನ ದಿಯೆಪ್‌ನಲ್ಲಿ ಗ್ರ್ಯಾನ್ ಪ್ರಿಯ ಹಿಂದಿನ ದಿನ ನಡೆದ ಸಣ್ಣ ಕಾರುಗಳ ಓಟ. ಅದನ್ನು ದೆಲಾಜ್ ಕಾರಿನಲ್ಲಿ ಆಲ್ಬೆರ್ ಗಿಯೊ ಗೆದ್ದಿದ್ದ. ಆಗ ಅದನ್ನು ಯಾರೂ ದೊಡ್ಡದಾಗಿ ಕಾಣಲಿಲ್ಲ.

ಆಟ ಬಿಟ್ಟೆದ್ದವರು

ದೊಡ್ಡ ಕಾರು ಕಂಪನಿಗಳು ಇನ್ನು ಗ್ರ್ಯಾನ್ ಪ್ರಿಗೆ ಬರುವುದಿಲ್ಲ ಎಂದು ತಮ್ಮೊಳಗೆ ಒಪ್ಪಂದ ಮಾಡಿಕೊಂಡವು. ಫ್ರೆಂಚ್ ಕಂಪನಿಗಳು ಮುಂದಾಳು. ಬೇರೆ ದೇಶದ ಕೆಲವರೂ ಸಹಿ ಹಾಕಿದರು. ಹೊರಗೆ ಹೇಳಿದ ಕಾರಣ ಖರ್ಚು. ಅದು ಸುಳ್ಳಲ್ಲ. 1907ರ ಹಣಕಾಸಿನ ಬಿಕ್ಕಟ್ಟಿನಿಂದ ಕಾರು ಮಾರಾಟ ಕುಸಿದಿತ್ತು. ಗೆದ್ದಾಗ ಸಿಗುವ ಜಾಹೀರಾತಿಗೆ ಲಕ್ಷ ಸುರಿಯಬಹುದು, ಸೋಲಿಗೆ ಯಾರು ಸುರಿಯುತ್ತಾರೆ? 1909ಕ್ಕೆ ಇನ್ನೂ ಚಿಕ್ಕ ಎಂಜಿನ್‌ಗಳ ಹೊಸ ಸೂತ್ರ ಹಾಕಿ ಓಟ ಘೋಷಿಸಿದರು. ಸಾಕಷ್ಟು ಕಾರುಗಳು ಹೆಸರು ಕೊಡಲಿಲ್ಲ. ಓಟ ರದ್ದಾಯಿತು. 1910 ಮತ್ತು 1911ರಲ್ಲೂ ಇಲ್ಲ.

ಜನರ ಕಣ್ಣೂ ಬೇರೆಡೆ ಹೊರಳಿತ್ತು. ದಿಯೆಪ್ ಓಟವಾಗಿ ಒಂದು ತಿಂಗಳಿಗೆ, ಆಗಸ್ಟ್ 8ರಂದು, ವಿಲ್ಬರ್ ರೈಟ್ ಲೆ ಮಾನ್ಸ್ ಹತ್ತಿರ ವಿಮಾನ ಹಾರಿಸಿ ತೋರಿಸಿದ. ಮೊದಲ ಗ್ರ್ಯಾನ್ ಪ್ರಿ ನಡೆದ ಅದೇ ಲೆ ಮಾನ್ಸ್. ದುಡ್ಡು, ಧೈರ್ಯ, ಎಂಜಿನ್ ಮೂರೂ ಆಕಾಶದ ಕಡೆ ಹೋದವು. ಬೆಂಜ್‌ನ ಆನ್ರಿಯೊ ಸ್ವತಃ ವಿಮಾನ ತಯಾರಕನಾದ. ದಿಯೆಪ್‌ನಲ್ಲಿ ಆಸ್ಟಿನ್ ಓಡಿಸಿದ ಮೂರ್-ಬ್ರಬಝಾನ್ ಬ್ರಿಟನ್ನಿನ ಮೊದಲ ವಿಮಾನ ಚಾಲಕರಲ್ಲಿ ಒಬ್ಬನಾದ.

ರೇಸಿಂಗ್ ಸತ್ತಿತೇ? ಇಲ್ಲ. ದೊಡ್ಡವರು ಬಿಟ್ಟ ಜಾಗದಲ್ಲಿ ಸಣ್ಣ ಕಾರುಗಳು ಬೆಳೆದವು. ಪ್ಯೂಜೊ, ದೆಲಾಜ್, ಸ್ಪೇನಿನ ಹಿಸ್ಪಾನೊ-ಸುಯಿಸಾ ಆ ಓಟಗಳಲ್ಲಿ ಕಡಿಮೆ ಗಾತ್ರದಿಂದ ಹೆಚ್ಚು ಶಕ್ತಿ ತೆಗೆಯುವುದನ್ನು ಕಲಿತವು. 1912ರಲ್ಲಿ ಗ್ರ್ಯಾನ್ ಪ್ರಿ ಮತ್ತೆ ದಿಯೆಪ್‌ಗೆ ಬಂದಾಗ ಆ ಕಲಿಕೆ ಫಲ ಕೊಟ್ಟಿತು. ಜಾರ್ಜ್ ಬುವಾಲೊ 7.6 ಲೀಟರಿನ ಪ್ಯೂಜೊದಲ್ಲಿ 14 ಲೀಟರಿನ ಫಿಯಟ್‌ಗಳನ್ನು ಸೋಲಿಸಿದ. ಎರಡನೆಯವನು ನಮ್ಮ ವಾಗ್ನರ್, ಫಿಯಟ್‌ನಲ್ಲಿ. 1908ರ ಸೋಲು ಫ್ರಾನ್ಸಿಗೆ ಮಾಡಿದ ಉಪಕಾರ ಇದು ಎಂದು ನನಗನ್ನಿಸುತ್ತದೆ. ದೈತ್ಯ ಎಂಜಿನ್‌ಗಳ ಹಾದಿಯಲ್ಲೇ ಇನ್ನೂ ನಾಲ್ಕು ವರ್ಷ ಓಡಿದ್ದರೆ ಪ್ಯೂಜೊದ ಆ ಎಂಜಿನ್ ಬರುತ್ತಿತ್ತೋ ಇಲ್ಲವೋ.

ಪಾಪ, ಎಮೆರಿ. 1910ರಲ್ಲಿ ಸವಾನ್ನಾಗೆ ಮತ್ತೆ ಹೋದ. ಈ ಸಲ ಸೋತದ್ದು ತನ್ನದೇ ಬೆಂಜ್ ತಂಡದ ಡೇವಿಡ್ ಬ್ರೂಸ್-ಬ್ರೌನ್‌ಗೆ, 1.42 ಸೆಕೆಂಡಿನಿಂದ. 1911ರಲ್ಲಿ ಲೆ ಮಾನ್ಸ್‌ನಲ್ಲಿ ಬೇರೊಂದು ಕ್ಲಬ್ ನಡೆಸಿದ ಓಟದಲ್ಲಿ ಗೆದ್ದ, ಫಿಯಟ್‌ನಲ್ಲಿ. ಹೆಸರಿಗೆ ಅದೂ ಗ್ರ್ಯಾನ್ ಪ್ರಿ. ಹಳೆಯ ಕಾರುಗಳೇ ಹೆಚ್ಚಿದ್ದ ಕಾರಣ ಜನ ಅದನ್ನು ಡಕೋಟ ಗಾಡಿಗಳ ಓಟ ಎಂದು ಗೇಲಿ ಮಾಡಿದರು.

ಲೌಟನ್‌ಶ್ಲಾಗರ್ ಕಾರ್ಖಾನೆಯ ಕೆಲಸಕ್ಕೆ ವಾಪಸ್ ಹೋದ. ಮತ್ತೆ ಆ ಫ್ರೆಂಚ್ ಕ್ಲಬ್‌ನ ಗ್ರ್ಯಾನ್ ಪ್ರಿಗೆ ಬಂದದ್ದು 1914ರ ಜುಲೈ 4ರಂದು, ಲಿಯೊಂ ನಗರದ ಹತ್ತಿರ. ಸರಯೇವೊದಲ್ಲಿ ಆಸ್ಟ್ರಿಯಾದ ಯುವರಾಜನ ಕೊಲೆಯಾಗಿ ಒಂದು ವಾರವೂ ಆಗಿರಲಿಲ್ಲ. ಬುವಾಲೊನ ಪ್ಯೂಜೊ ಕೊನೆಯ ಸುತ್ತಿನಲ್ಲಿ ನಿಂತುಹೋಯಿತು. ಮೊದಲ ಮೂರು ಸ್ಥಾನ ಮರ್ಸಿಡಿಸ್‌ಗೆ. ಲೌಟನ್‌ಶ್ಲಾಗರ್ ಮೊದಲು, ಸಾಲ್ಟ್ಸರ್ ಮೂರನೆಯವನು. ನಡುವೆ, ಎರಡನೇ ಸ್ಥಾನದಲ್ಲಿ, ಜರ್ಮನಿಯ ಬಿಳಿ ಕಾರಿನಲ್ಲಿ ಫ್ರಾನ್ಸಿನ ವಾಗ್ನರ್.

ಮುಂದಿನ ಫ್ರೆಂಚ್ ಗ್ರ್ಯಾನ್ ಪ್ರಿ ನಡೆದದ್ದು 1921ರಲ್ಲಿ, ಲೆ ಮಾನ್ಸ್‌ನಲ್ಲಿ. ಯುದ್ಧ ಗೆದ್ದ ಫ್ರಾನ್ಸ್ ಈ ಸಲ ಯಾವ ಸೂತ್ರದ ಗೋಜಿಗೂ ಹೋಗದೆ ಜರ್ಮನಿಯನ್ನು ಕರೆಯಲೇ ಇಲ್ಲ. ಫ್ರಾನ್ಸಿನ ಬ್ಯಾಲೊ ಕಾರು ಎರಡನೆಯದಾಗಿ ಬಂತು. ಅದನ್ನು ಓಡಿಸಿದವನು 1908ರಲ್ಲಿ ಸವಾನ್ನಾದಲ್ಲಿ ಫಿಯಟ್ ತಂಡದಲ್ಲಿದ್ದ ರಾಲ್ಫ್ ಡಿ ಪಾಲ್ಮಾ. ಗೆದ್ದದ್ದು ಅಮೆರಿಕದ ಜಿಮ್ಮಿ ಮರ್ಫಿ ಓಡಿಸಿದ ಡ್ಯೂಸೆನ್‌ಬರ್ಗ್. ಆ ಕಾರು ಕಟ್ಟಿದ ಫ್ರೆಡ್ ಮತ್ತು ಆಗಸ್ಟ್ ಡ್ಯೂಸೆನ್‌ಬರ್ಗ್ ಅಣ್ಣತಮ್ಮಂದಿರು ಹುಟ್ಟಿದ್ದು ಜರ್ಮನಿಯಲ್ಲಿ.